ಬಾಣಂತನ ಮುಗಿಸಿ ಬಂದ ಮೇಲೆ ಗಂಡ ದೂರವಾದಂತಿದೆ

ಪ್ರಶ್ನೆ: ಐದು ತಿಂಗಳ ಬಾಣಂತನ ಮುಗಿಸಿ ಗದಗದ ತವರಿನಿಂದ ಹುಬ್ಬಳ್ಳಿಗೆ ಬಂದು ಮೂರು ವಾರವಾಯಿತು. ನಮ್ಮ ಮನೆಯವರು ಕೂಸನ್ನು ಎತ್ತಿಕೊಂಡರೂ ಎರಡೇ ನಿಮಿಷಕ್ಕೆ ವಾಪಸ್ ಕೊಡುತ್ತಾರೆ. ನಮ್ಮ ಮಾತೆಲ್ಲ ಡೈಪರ್, ಖರ್ಚು ಅಷ್ಟೇ. ರಾತ್ರಿ ಹತ್ತಿರ ಬಂದರೆ ನನಗೆ ನೋವು, ಬೇಡವೆಂದರೆ ಅವರಿಗೆ ಸಿಟ್ಟು. ಮುಟ್ಟು ಇನ್ನೂ ಬಂದಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಈ ಐದು ತಿಂಗಳಲ್ಲಿ ನಿಮಗೆ ಅಳು ಕೇಳಿದರೇ ಹಸಿವೋ ನಿದ್ದೆಯೋ ಗೊತ್ತಾಗುತ್ತದೆ. ಅವರಿಗೆ ಆ ರೂಢಿ ಆಗಿಲ್ಲ. ತೊಟ್ಟಿಲ ಹತ್ತಿರ ಬಂದಾಗಲೆಲ್ಲ ನೀವೋ ಅತ್ತೆಯೋ ‘ಹಂಗಲ್ಲ, ಕೊಡ್ರಿಲ್ಲೆ’ ಎಂದರೆ ಯಾರಾದರೂ ಹಿಂದೆ ಸರಿಯುತ್ತಾರೆ. ಸಣ್ಣಪುಟ್ಟ ಸಹಾಯ ಕೇಳುವ ಬದಲು ಒಂದು ಕೆಲಸವನ್ನು ಪೂರ್ತಿ ಅವರಿಗೇ ಬಿಡಿ.

ಆರು ತಿಂಗಳು ತುಂಬಿದ ಕೂಡಲೇ ಪೂರಕ ಆಹಾರ ಶುರುವಾಗುತ್ತದಲ್ಲ, ದಿನದ ಒಂದು ಹೊತ್ತು ರಾಗಿ ಸರಿ ಕಾಯಿಸಿ, ಉಣಿಸಿ, ವಾಟಿ ತೊಳೆಯುವವರೆಗೆ ಅವರದೇ ಇರಲಿ. ಮೊದಲು ಎರಡು-ಮೂರು ಚಮಚ ಸಾಕು. ಚಮಚ ತುಸು ಓರೆ ಮಾಡಿದರೂ ಜಾರದಷ್ಟು ಗಟ್ಟಿ ಇರಬೇಕು. ತೆಳ್ಳಗಾದರೆ ಹೊಟ್ಟೆ ತುಂಬುತ್ತದೆ, ಕಸುವು ಸಿಗುವುದಿಲ್ಲ. ಕೂಸು ಮೊದಮೊದಲು ನಾಲಿಗೆಯಿಂದ ಹೊರದೂಡುತ್ತದೆ. ಆಗ ನೀವು ಓಡಿ ಬರಬೇಡಿ. ಅತ್ತೆಗೆ ಹೇಳಬೇಕಾದದ್ದನ್ನು ಅವರ ಮಗನೇ ಹೇಳಲಿ.

ರಾತ್ರಿ ಒಂಬತ್ತಕ್ಕೆ ಹಾಲುಣಿಸಿ ನೀವು ಮಲಗಿ, ನಡುರಾತ್ರಿ ಒಂದರವರೆಗೆ ಪಾಳಿ ಅವರದು. ಬೇಕಾದರೆ ಹಾಲು ಹಿಂಡಿ ಫ್ರಿಜ್‌ನಲ್ಲಿಡಿ, 24 ಗಂಟೆಯೊಳಗೆ ಬಳಸಿ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾದ ಮೇಲೆ ವಾಟಿ-ಚಮಚದಲ್ಲಿ ಕುಡಿಸಲಿ. ನಾಲ್ಕು ತಾಸು ಬಿಡದೆ ನಿದ್ದೆಯಾದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇನ್ನು ನೋವಿನ ವಿಷಯ. ಇದನ್ನು ಅವರೂ ಓದಲಿ. ಹಾಲುಣಿಸುವಾಗ ಈಸ್ಟ್ರೋಜನ್ ಕಡಿಮೆಯಾಗಿ ಯೋನಿ ಒಣಗುತ್ತದೆ, ಆಸೆಯೂ ತಗ್ಗುತ್ತದೆ. ಗಂಡನ ಮೇಲೆ ಪ್ರೀತಿ ಕಡಿಮೆಯಾಯಿತು ಎಂದಲ್ಲ. ಮೆಡಿಕಲ್ ಅಂಗಡಿಯಲ್ಲಿ ನೀರಿನ ಆಧಾರದ ಲ್ಯೂಬ್ರಿಕಂಟ್ ಜೆಲ್ ಸಿಗುತ್ತದೆ. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬಾರದು, ರಬ್ಬರ್ ಹರಿಯುತ್ತದೆ. ಜೆಲ್ ಹಚ್ಚಿಯೂ ನೋವಾದರೆ, ಹೊಲಿಗೆ ಹಾಕಿದಲ್ಲಿ ಚುಚ್ಚಿದರೆ ಹೆರಿಗೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಬರೀ ಪಕ್ಕದಲ್ಲಿ ಮಲಗಿ ಮಾತಾಡುವುದೂ ಸಾಂಗತ್ಯವೇ.

ಮುಟ್ಟು ಬಂದಿಲ್ಲವೆಂದು ಧೈರ್ಯವಾಗಿರಬೇಡಿ. ಬರೀ ಎದೆಹಾಲು, ಆರು ತಿಂಗಳೊಳಗಿನ ಕೂಸು, ಮುಟ್ಟಿಲ್ಲ – ಈ ಮೂರೂ ಇದ್ದಾಗ ಮಾತ್ರ ಮತ್ತೆ ಬಸಿರಾಗದಂತೆ ರಕ್ಷಣೆ, ನಿಮಗೆ ಅದು ಮುಗಿಯುತ್ತಿದೆ. ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ – ಈ ಮೂರೂ ಗರ್ಭನಿರೋಧಕಗಳು ಹಾಲುಣಿಸುವವರಿಗೆ ನಡೆಯುತ್ತವೆ. ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಯಾವುದು ಎಂಬುದನ್ನು ಇಬ್ಬರೂ ಹೋಗಿ ಕೇಳಿ.

ಖರ್ಚಿನ ಲೆಕ್ಕ ಭಾನುವಾರಕ್ಕೆ ಮೀಸಲಿಡಿ. ವಾರಕ್ಕೊಂದು ಸಂಜೆ ಕೂಸಿಗೆ ಹಾಲು ಕೊಟ್ಟು, ಅತ್ತೆಯ ಕೈಗಿತ್ತು, ಉಣಕಲ್ ಕೆರೆಯ ಕಡೆ ಅರ್ಧ ತಾಸು ನಡೆದು ಬನ್ನಿ.

ಪ್ರಶ್ನೆ: ಹೆಂಡತಿ, ಎರಡು ತಿಂಗಳ ಕೂಸು ಧಾರವಾಡದ ತವರಿನಲ್ಲಿದ್ದಾರೆ. ಫೋನ್ ಮಾಡಿದರೆ ಅಳುತ್ತಾಳೆ, ಕೂಸು ಮಲಗಿದರೂ ನಿದ್ದೆ ಬರದು ಎನ್ನುತ್ತಾಳೆ. ಅತ್ತೆ ‘ಬಾಣಂತಿ ಅಂದ್ರ ಹಿಂಗ’ ಎನ್ನುತ್ತಾರೆ.
– ಓದುಗರು, ಬ್ಯಾಡಗಿ

ಉತ್ತರ: ಹೆರಿಗೆಯ ಮೊದಲ ಎರಡು ವಾರ ಅಳು ಬರುವುದು ಸಹಜ, ಎರಡು ತಿಂಗಳಾದರೂ ನಿಂತಿಲ್ಲವೆಂದರೆ ಅದು ಖಿನ್ನತೆ ಇರಬಹುದು. ಈ ವಾರವೇ ಹೋಗಿ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಸಾಯುವ ಮಾತು, ಕೂಸಿಗೆ ಏನಾದರೂ ಮಾಡಿಯೇನೆಂಬ ಭಯ ಬಾಯಿಗೆ ಬಂದರೆ ಅವಳನ್ನೂ ಕೂಸನ್ನೂ ಒಂಟಿ ಬಿಡದೆ ಅಂದೇ ಹೊರಡಿ; 14416 ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು-ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಕೂಸಿನ 10 ಮತ್ತು 14ನೇ ವಾರದ ಲಸಿಕೆಗೆ ರಜೆ ಹಾಕಿ ನೀವೇ ಹೋಗಿ.