ಎಚ್-ಇಂಡೆಕ್ಸ್ ಹೆಚ್ಚಿದ್ದವರೇ ದೊಡ್ಡ ವಿಜ್ಞಾನಿಗಳೇ?

ಒಬ್ಬ ಜೀವರಸಾಯನ ವಿಜ್ಞಾನಿಯ ಎಚ್-ಇಂಡೆಕ್ಸ್ (ಸಂಶೋಧನಾ ಪ್ರಬಂಧಗಳನ್ನು ಇತರ ಪ್ರಬಂಧಗಳು ಎಷ್ಟು ಬಾರಿ ಉಲ್ಲೇಖಿಸಿವೆ ಎಂಬುದನ್ನು ಆಧರಿಸಿದ ಸೂಚ್ಯಂಕ) 100, ಒಬ್ಬ ಗಣಿತಜ್ಞರದು 20 ಇದ್ದರೆ ಮೊದಲನೆಯವರೇ ದೊಡ್ಡವರೇ ಎಂದು ಕೇಳಿದ್ದೀರಿ. ಖಂಡಿತ ಹಾಗೆ ಹೇಳಲಾಗದು.

ಈ ಅಳತೆಯನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ಲೆಕ್ಕ ಸುಲಭ. ಐದು ಪ್ರಬಂಧಗಳಿಗೆ 50, 20, 9, 4, 2 ಉಲ್ಲೇಖಗಳು ಬಂದಿವೆ ಎನ್ನಿ. ಕನಿಷ್ಠ ನಾಲ್ಕು ಉಲ್ಲೇಖ ಪಡೆದವು ನಾಲ್ಕಿವೆ, ಕನಿಷ್ಠ ಐದು ಪಡೆದವು ಐದಿಲ್ಲ, ಹಾಗಾಗಿ ಸೂಚ್ಯಂಕ 4. ಮೊದಲನೆಯದಕ್ಕೆ 50ರ ಬದಲು 5,000 ಬಂದರೂ ಅದು ನಾಲ್ಕೇ! ಒಂದೇ ಮಹತ್ವದ ಕೃತಿಗೆ ಇಲ್ಲಿ ಬೆಲೆ ಸಿಗುವುದಿಲ್ಲ; ಇದು ನನ್ನ ಮುಖ್ಯ ಆಕ್ಷೇಪ.

ಇನ್ನು ಕ್ಷೇತ್ರಗಳ ಅಂತರ. ಜೀವರಸಾಯನ ಶಾಸ್ತ್ರದಲ್ಲಿ ಸಂಶೋಧಕರು ಬಹಳ, ಪ್ರಬಂಧದ ಕೊನೆಯ ಉಲ್ಲೇಖ ಪಟ್ಟಿಯೂ ಉದ್ದ. ಪ್ರೋಟೀನ್ ಅಳೆಯುವ ವಿಧಾನ ವಿವರಿಸಿದ ಆಲಿವರ್ ಲೋರಿ ಮತ್ತು ಸಂಗಡಿಗರ 1951ರ ಪ್ರಬಂಧ 3 ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ. ಪ್ರಯೋಗಾಲಯಗಳಲ್ಲಿ ಅದು ನಿತ್ಯ ಬಳಕೆಯ ವಿಧಾನವಾಗಿತ್ತು, ಅಷ್ಟೆ. ಗಣಿತದಲ್ಲಿ ಒಂದು ರುಜುವಾತಿಗೆ ವರ್ಷಗಳೇ ಬೇಕಾಗಬಹುದು. ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ ಪ್ವಾಂಕರೆ ಊಹೆ ಎಂಬ ಪ್ರಸಿದ್ಧ ಗಣಿತ ಸಮಸ್ಯೆಯ ರುಜುವಾತನ್ನು 2002–03ರಲ್ಲಿ ಮೂರು ಬರಹಗಳಾಗಿ ಅಂತರ್ಜಾಲದಲ್ಲಿಟ್ಟರು, ಯಾವ ನಿಯತಕಾಲಿಕೆಗೂ ಕಳಿಸಲಿಲ್ಲ. ಆ ಮೂರೇ ಬರಹಗಳಿಂದ ಶತಮಾನದ ಹಳೆಯ ಪ್ರಶ್ನೆ ಬಗೆಹರಿಯಿತು.

ಹೋಲಿಸಲೇಬೇಕಾದರೆ ಒಂದು ಪ್ರಬಂಧದ ಉಲ್ಲೇಖಗಳನ್ನು ಅದೇ ಕ್ಷೇತ್ರದ, ಅದೇ ವರ್ಷದ ಪ್ರಬಂಧಗಳ ಸರಾಸರಿ ಉಲ್ಲೇಖದಿಂದ ಭಾಗಿಸಿ ನೋಡಿ. ಸರಾಸರಿ 3 ಇರುವಲ್ಲಿ 12 ಉಲ್ಲೇಖ ಪಡೆದರೆ ನಾಲ್ಕು ಪಟ್ಟು. ಸರಾಸರಿ 40 ಇರುವಲ್ಲಿ 60 ಪಡೆದರೆ ಒಂದೂವರೆ ಪಟ್ಟು ಮಾತ್ರ.