ಪಿಯುಸಿ ಕಾಲದ ಮೊದಲ ಪ್ರೀತಿ ನಲವತ್ತು ದಾಟಿದರೂ ಯಾಕೆ ಮರೆಯುವುದಿಲ್ಲ? ಅದು ನಿಜವಾದ ಪ್ರೀತಿಯಾಗಿತ್ತೇ?

ಮರೆಯದಿರಲು ಆ ವ್ಯಕ್ತಿಗಿಂತ ಹೆಚ್ಚಾಗಿ ಆ ವಯಸ್ಸೇ ಕಾರಣ. ನಡುವಯಸ್ಸು ದಾಟಿದವರಿಗೆ ಬದುಕಿನ ನೆನಪುಗಳನ್ನು ಹೇಳಿ ಎಂದರೆ, ಸುಮಾರು 10ರಿಂದ 30 ವರ್ಷದೊಳಗಿನ ಘಟನೆಗಳು ಉಳಿದ ವಯಸ್ಸಿನವಕ್ಕಿಂತ ಹೆಚ್ಚಾಗಿ ಬರುತ್ತವೆ. ಆಗ ಎಲ್ಲವೂ ಮೊದಲ ಸಲ. 'ನಾನು ಯಾರು' ಎಂಬುದೂ ಆಗಲೇ ರೂಪುಗೊಳ್ಳುತ್ತಿರುತ್ತದೆ. ಹಾಗಾಗಿ ಆ ನೆನಪು ನಮ್ಮ ಗುರುತಿನೊಳಗೇ ಸೇರಿಹೋಗುತ್ತದೆ.

ಮಿದುಳಿನ ಪಾತ್ರವೂ ಇದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸದಾಗಿ ಗಾಢವಾಗಿ ಪ್ರೀತಿಸುತ್ತಿದ್ದ 17 ಜನರಿಗೆ ಪ್ರಿಯರ ಫೋಟೋ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. 'ಇನ್ನೂ ಬೇಕು' ಎಂಬ ಹಂಬಲ ಹುಟ್ಟಿಸುವ ಡೋಪಮೈನ್ ರಾಸಾಯನಿಕ ಹೇರಳವಾಗಿರುವ ಭಾಗಗಳು ಚುರುಕಾದವು. ಹದಿಹರೆಯದಲ್ಲಿ ಈ ಹಂಬಲ ತೀವ್ರ. ಅಳೆದು ತೂಗುವ ಮುಂಭಾಗದ ಮಿದುಳು ಮಾತ್ರ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಒಂದು ಪತ್ರಕ್ಕೆ ಉತ್ತರ ಬರದಿದ್ದರೆ ಊಟ ಸೇರದಿದ್ದದ್ದು ನಾಟಕವಲ್ಲ.

ನಿಜವಾದ ಪ್ರೀತಿಯೇ ಎಂದು ಕೇಳಿದ್ದೀರಿ. ಹೌದು, ನನ್ನ ಮಟ್ಟಿಗೆ ಅದು ನಿಜವೇ. ಹಿರಿಯರು 'ಹುಡುಗಾಟ' ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರೀತಿಯಲ್ಲಿ ಸೆಳೆತದ ಜೊತೆ ಒಡನಾಟವೂ ಇದೆ: ಜ್ವರ ಬಂದ ರಾತ್ರಿ ಗಂಜಿ ಕಾಯಿಸುವುದು, ಜಗಳದ ಮರುದಿನ ತಾವೇ ಮೊದಲು ಮಾತಾಡಿಸುವುದು. ಅದಕ್ಕೆ ವರ್ಷಗಳು ಬೇಕು. ಮೊದಲ ಪ್ರೀತಿಗೆ ಸಾಮಾನ್ಯವಾಗಿ ಸಿಗದೇ ಹೋಗುವುದು ಆ ವರ್ಷಗಳೇ.