ಹೊಳೆ ತುಂಬಾ ಕಪ್ಪೆಚಿಪ್ಪು ಕಾಣ್ತವೆ, ಆದರೂ ಅಪಾಯ ಅಂತಾರಲ್ಲ?

ನೆಲ್ಯಹುದಿಕೇರಿ ಹತ್ತಿರ ಕಾವೇರಿ ದಡದಲ್ಲೇ ತೋಟ, ಬೇಸಿಗೆಯಲ್ಲಿ ನೀರಿಳಿದರೆ ಕಪ್ಪೆಚಿಪ್ಪು ಬೇಕಾದಷ್ಟು ಕಾಣ್ತವೆ, ಹಾಗಿದ್ದರೆ ಅವು ಅಳಿದುಹೋಗುವ ಅಪಾಯ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಎಷ್ಟಿವೆ ಅನ್ನೋದನ್ನ ಸ್ವಲ್ಪ ಬಿಡಿ, ಸಣ್ಣವು ಇವೆಯಾ ನೋಡಿ. ಬರೀ ದೊಡ್ಡವೇ ಸಿಕ್ಕರೆ ನಾನಂತೂ ಖುಷಿಪಡಲ್ಲ. ಇವು ವರ್ಷಗಟ್ಟಲೆ ಬದುಕುವ ಪ್ರಾಣಿ. ಮರಿ ಆಗೋದು ನಿಂತ ಮೇಲೂ ಮುದಿಗಳಿಂದಲೇ ಹೊಳೆ ತುಂಬಿದ ಹಾಗೆ ಕಾಣುತ್ತೆ.

ಮರಿ ಉಳಿಯೋದು ಸುಲಭ ಅಲ್ಲ. ಮೊಟ್ಟೆಯಿಂದ ಬಂದ ಲಾರ್ವಾ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲದಿನ ಕಳೆದು, ಆಮೇಲೆ ಉದುರಿ ಮರಳು ಸೇರಬೇಕು. ಒಗ್ಗುವ ಮೀನು ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗೀತು. ಮೀನಿದ್ದರೂ ಮರಳಿನ ಮೇಲೆ ಕೆಸರು ಕೂತರೆ ಮರಿಗೆ ಉಸಿರಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಮಣ್ಣೆಲ್ಲ ಎಲ್ಲಿಗೆ ಹೋಯ್ತು ಅಂತ ಕೊಡಗಿನವರಿಗೆ ಹೇಳಬೇಕಾ! ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಲ್ಪಿಂಗ್ ನೀರು ತೋಡಿಗೆ ಬಿಡೋದು ಹೊಳೆ ಸೊರಗುವ ಹೊತ್ತಲ್ಲೇ. ಅದು ಹುಳಿ ನೀರು, ಕೊಳೆಯುತ್ತಾ ಆಮ್ಲಜನಕ ಎಳೆದುಕೊಳ್ಳುತ್ತೆ. ಅದರ ಹಿಂದೆಯೇ ರೊಬಸ್ಟಾ ಕಾಫಿ ಹೂವಿಗೆ ಅಂತ ಹೊಳೆಯಿಂದಲೇ ನೀರೆತ್ತುವ ಸ್ಪ್ರಿಂಕ್ಲರ್ ಪಂಪು.

ನೋಡೋದು ಹೇಗೆ ಅಂದರೆ, ಫೆಬ್ರುವರಿ ಮಾರ್ಚಲ್ಲಿ, ನೀರು ತಿಳಿಯಾಗಿರುವಾಗ ಇಳಿಯಿರಿ. ಅರ್ಧ ಮೀಟರಿನ ಚೌಕ ಫ್ರೇಮನ್ನ ಚಿಪ್ಪು ಕಂಡ ಕಡೆ ಮಾತ್ರ ಇಡಬೇಡಿ, ಸಿಕ್ಕಲ್ಲೆಲ್ಲ ಇಡಿ. ಏನೂ ಸಿಗದ ಚೌಕವನ್ನೂ ಬರೆದುಕೊಳ್ಳಿ. ಮೇಲೆ ಕಾಣುವುದನ್ನಷ್ಟೇ ಎಣಿಸಿದರೆ ಸಾಲದು, ಮರಿಗಳು ಹೂತಿರುತ್ತವೆ. ಹತ್ತು ಹದಿನೈದು ಸೆಂಟಿಮೀಟರ್ ಮರಳು ತೆಗೆದು ಜರಡಿ ಹಿಡಿಯಿರಿ. ಉದ್ದವನ್ನ ವರ್ನಿಯರ್‌ನಲ್ಲಿ ಅಳೆದು ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಊರಿ ಬಿಡಿ. ಬಾಯಿ ಬಿಡಿಸಿ ನೋಡೋ ಚಪಲ ಬೇಡ. ಮುಟ್ಟಿದ ತಕ್ಷಣ ಗಟ್ಟಿಯಾಗಿ ಮುಚ್ಚಿಕೊಂಡರೆ ಅದೇ ಒಳ್ಳೆಯ ಲಕ್ಷಣ. ಮುಂದಿನ ವರ್ಷವೂ ಅದೇ ಜಾಗ, ಅದೇ ತಿಂಗಳು.

ಖಾಲಿ ಚಿಪ್ಪೂ ಲೆಕ್ಕಕ್ಕೆ ಬೇಕು. ಎರಡು ಹೋಳೂ ಕೂಡಿಕೊಂಡು ಒಳಗೆ ಮುತ್ತಿನ ಹೊಳಪಿದ್ದರೆ ಇತ್ತೀಚೆಗೆ ಸತ್ತಿದ್ದು. ಸುಣ್ಣದ ಹಾಗೆ ಮಂಕಾಗಿದ್ದರೆ ಹಳೆಯದು. ಹೊಸದು ಒಮ್ಮೆಲೇ ರಾಶಿ ಸಿಕ್ಕರೆ ಮೇಲ್ಗಡೆ ಯಾರಾದರೂ ಏನು ಬಿಟ್ಟರು ವಿಚಾರಿಸಿ. ಒಂದೇ ಬಂಡೆ ಮೇಲೆ ಒಡೆದ ಚೂರುಗಳಿದ್ದರೆ ನೀರುನಾಯಿಯೂ ಇರಬಹುದು, ಅದಕ್ಕೆ ಗಾಬರಿ ಬೇಡ.

ನಿಮ್ಮಲ್ಲಿರೋದು ಬಹುಶಃ ಲ್ಯಾಮೆಲ್ಲಿಡೆನ್ಸ್ ಅನ್ನೋ ಮಾಮೂಲಿ ಕುಲದ ಕಪ್ಪೆಚಿಪ್ಪು. ಅಳಿವಿನಂಚಿನ ಪಟ್ಟಿಯಲ್ಲಿರೋ ಸ್ಯೂಡೋಮುಲ್ಲೇರಿಯಾ ಡಾಲಿ ಅನ್ನೋ ಇನ್ನೊಂದು ಜಾತಿ ಭದ್ರಾ ಹೊಳೆ ಕಡೆಯದು, ಬಂಡೆಗೇ ಅಂಟಿಕೊಂಡಿರುತ್ತೆ. ಅದಕ್ಕೆ ಜರಡಿ ಕೆಲಸಕ್ಕೆ ಬಾರದು, ಬಂಡೆಯನ್ನೇ ನೋಡಬೇಕು. ಖಾಲಿ ಚಿಪ್ಪಿನ ಒಳಗೆ, ಕೀಲಿನ ಹತ್ತಿರದ ಹಲ್ಲಿನಂಥ ಉಬ್ಬು ಕಾಣೋ ಹಾಗೆ ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿ. ಹೊರಗಿನ ಬಣ್ಣ ನೋಡಿ ಜಾತಿ ಹೇಳೋಕಾಗಲ್ಲ.